ಗಿರಿಜಕ್ಕನ ಮೂರು ಒದೆ

ಸತ್ತವರ ಕುಲೆ, ಪ್ರೇತ ಎಂಬ ಮಾತು ಬಂದರೆ ಎದ್ದು ಹೋಗುವ ಜನ ನಾನು. ಈಗಲೂ ಅಷ್ಟೇ. ಕಬ್ಬಿಣಕ್ಕೆ ಎಣ್ಣೆ ಬೇಕು, ಹೊಗೆಗೆ ದಾರಿ ಬೇಕು, ಅದರಾಚೆಗಿನದ್ದೆಲ್ಲ ಕೆಲಸವಿಲ್ಲದವರ ಹರಟೆ ಎಂದು ಮೂಡುಬಿದಿರೆಯ ನನ್ನ ಗ್ಯಾರೇಜಿನಲ್ಲಿ ಎಷ್ಟೋ ಮಂದಿಯ ಬಾಯಿ ಮುಚ್ಚಿಸಿದ್ದೇನೆ. ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಗುವ ಮೊದಲು ಪೂರ್ತಿ ಓದಿ.

ಅರುವತ್ತರ ದಶಕದ ಆರಂಭದ ಮಾತು. ವಾಮದಪದವಿನ ಗಿರಿಜಕ್ಕ ಹೇಳಿಕಳಿಸಿದರು, ಅವರ ಮನೆಗೆ ಹೋದೆ. ಅವರ ಗಂಡ ವಾಸಣ್ಣ ದನಗಳಿಗೆ ಮದ್ದು ಕೊಡುವವರು, ಹಳೆಯ ಮೋಟಾರ್ ಸೈಕಲಿನಲ್ಲಿ ಊರೂರು ತಿರುಗುತ್ತಿದ್ದರು. ಎರಡು ವರ್ಷದ ಹಿಂದೆ ಪುಂಜಾಲಕಟ್ಟೆಯ ಇಳಿಜಾರಿನಲ್ಲಿ ಬಿದ್ದು ತೀರಿಕೊಂಡಿದ್ದರು. ಕುಡಿದು ಬಿದ್ದ ಎಂದು ವಾಸಣ್ಣನ ಸ್ವಂತ ಅಣ್ಣ ಸಂಜೀವನೇ ಕಂಡಕಂಡಲ್ಲಿ ಹೇಳುತ್ತಿದ್ದ. ಗಾಡಿ ಅಂದಿನಿಂದ ದನದ ಹಟ್ಟಿಯ ಮಾಡಿನ ಕೆಳಗೆ ನಿಂತಿತ್ತು.

"ನನಗೆ ಗಾಡಿ ಓಡುವುದು ಬೇಡ," ಎಂದರು ಗಿರಿಜಕ್ಕ. "ಮಗಳಿಗೆ ಶಾಲೆಯಲ್ಲಿ ಕುಡುಕನ ಮಗಳು ಅಂತ ಹೇಳ್ತಾರೆ. ಅವರು ಬಿದ್ದದ್ದು ಕುಡಿದಾ, ಗಾಡಿಯಿಂದಲಾ, ಅಷ್ಟು ಹೇಳಿ ಸಾಕು."

ಅದು ಹೇಳಬಹುದಾದ ವಿಷಯವೇ. ಓಡುವಾಗ ಬಿಸಿಗೆ ಪಿಸ್ಟನ್ ಕಚ್ಚಿಕೊಂಡರೆ ಹಿಂದಿನ ಚಕ್ರ ತಟ್ಟನೆ ಹಿಡಿದು ಸವಾರನನ್ನು ಎಸೆಯುತ್ತದೆ. ನಿಂತಲ್ಲೇ ತುಕ್ಕು ಹಿಡಿದದ್ದಾದರೆ ಬಿದ್ದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ನ್ಯೂಟ್ರಲಿನಲ್ಲಿ ಚಕ್ರ ಸಲೀಸಾಗಿ ತಿರುಗಿತು, ಹಾಗಾಗಿ ಗೇರಿನ ದೋಷವಲ್ಲ. ಕಿಕ್ಕರ್ ಮೇಲೆ ಪೂರ್ತಿ ಭಾರ ಬಿಟ್ಟು ನಿಂತೆ, ಕೂದಲೆಳೆಯಷ್ಟೂ ಇಳಿಯಲಿಲ್ಲ. ಪ್ಲಗ್ ಬಿಚ್ಚಿ ಆ ತೂತಿನೊಳಗೆ ಸೀಮೆಎಣ್ಣೆ ಸುರಿದು, ಊಟ ಮುಗಿಸಿ ಬಂದು ಮತ್ತೆ ನಿಂತೆ. ಊಹುಂ. ಟಾಪ್ ಗೇರ್ ಹಾಕಿ ಹಿಂದೆ ಮುಂದೆ ತಳ್ಳಿದೆ. ಅದಕ್ಕೂ ಬಗ್ಗಲಿಲ್ಲ.

"ತುಕ್ಕು," ಎಂದೆ. ಎಂಜಿನ್ ಬಿಚ್ಚಿ ನೋಡದೆಯೇ ಹೇಳಿದೆ. ಯಾಕೆಂದರೆ ವಾಸಣ್ಣ ಬೀಳುವುದಕ್ಕೆ ಒಂದು ವಾರ ಮೊದಲು ಅದನ್ನು ಬಿಚ್ಚಿ ಜೋಡಿಸಿದವನು ನಾನೇ. ನನ್ನ ಕೈಯ ಕೆಲಸ ಓಡುವಾಗ ಕಚ್ಚಿಕೊಳ್ಳುವುದೆಂದರೇನು?

ಸಂಜೀವ ಬಿಳಿ ಅಂಗಿ ಹಾಕಿಕೊಂಡು ಗಾಡಿಯ ಪಕ್ಕದಲ್ಲೇ ನಿಂತಿದ್ದ. "ನಾನು ಮೊದಲೇ ಹೇಳಿದ್ದಲ್ಲ ಮಾರಾಯ," ಎಂದು ನಕ್ಕ.

ಗಿರಿಜಕ್ಕ ಸೆರಗು ಸಿಕ್ಕಿಸಿಕೊಂಡು ಬಂದು ಬರಿಗಾಲಿನಲ್ಲಿ ಕಿಕ್ಕರನ್ನು ಒದ್ದರು. ಅದು ಇಳಿಯಿತು. ಪ್ಲಗ್ಗಿನ ತೂತಿನಿಂದ ಸೀಮೆಎಣ್ಣೆ ಚಿಮ್ಮಿ ಸಂಜೀವನ ಅಂಗಿಗೆ ರಾಚಿತು. ಇನ್ನೆರಡು ಸಲ ಒದ್ದರು, ಎರಡು ಸಲವೂ ಇಳಿಯಿತು. ನಾಲ್ಕನೆಯದಕ್ಕೆ ನಾನು ಕಾಲಿಟ್ಟೆ. ಮೊದಲಿನಂತೆಯೇ ಗಟ್ಟಿ.

ನನಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ನನ್ನನ್ನು ಆಟ ಆಡಿಸುವ ಎಂಜಿನ್ ಎಂಥದ್ದು ನೋಡುವ ಎಂದು ಅಲ್ಲೇ ಅಂಗಳದಲ್ಲಿ ಬಿಚ್ಚಲು ಕೂತೆ. ಪಿಸ್ಟನ್ ಸುತ್ತಲೂ ಕರಗಿ ಸಿಲಿಂಡರಿಗೆ ಬೆಸೆದುಕೊಂಡಿತ್ತು. ಮರದ ತುಂಡು ಇಟ್ಟು ಸುತ್ತಿಗೆಯಿಂದ ಹೊಡೆದೂ ಹೊಡೆದೂ ಸಂಜೆಯ ಹೊತ್ತಿಗೆ ಬಿಟ್ಟಿತು. ತುಕ್ಕಲ್ಲ. ಎಣ್ಣೆ ಸಿಗದೆ ಓಡುವಾಗಲೇ ಕಚ್ಚಿದ್ದು.

ಎಣ್ಣೆ ಹೋಗುವ ತೂತಿಗೆ ತಂತಿ ಹಾಕಿ ಕೆದಕಿದೆ. ಕೆಂಪು ಚೌಕುಳಿಯ ಬೈರಾಸು ಬಟ್ಟೆಯ ಒಂದು ಚಿಂದಿ ಬಂತು. ಕೈ, ಸ್ಪಾನರ್, ಎಂಜಿನಿನ ಒಳಗು ಎಲ್ಲವನ್ನೂ ಹೆಗಲ ಮೇಲಿನ ಬೈರಾಸಿನಲ್ಲೇ ಒರೆಸುವುದು ನನ್ನ ಅಭ್ಯಾಸ. ಅದೇ ಚೌಕುಳಿಯದ್ದು ಆಗಲೂ ನನ್ನ ಹೆಗಲ ಮೇಲಿತ್ತು. ಆ ಎಂಜಿನಿಗೆ ಬೇರೆ ಯಾರೂ ಕೈ ಹಾಕಿದವರಿಲ್ಲ.

ಚಿಂದಿಯನ್ನು ಕಿಸೆಗೆ ಹಾಕಿಕೊಳ್ಳಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಇಬ್ಬರ ಎದುರೂ ಹಿಡಿದು ಹೇಳಿದೆ, "ವಾಸಣ್ಣ ಕುಡಿದು ಬಿದ್ದದ್ದಲ್ಲ. ತಪ್ಪು ನನ್ನದು."

ಸಂಜೀವ ಅಂಗಿಯ ಕಲೆ ನೋಡುತ್ತ ನಿಂತ. ಗಿರಿಜಕ್ಕ ಆ ಚಿಂದಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. "ಇದನ್ನು ಪೇಟೆಯಲ್ಲೂ ಹೇಳ್ತೀರಾ?" ಎಂದು ಕೇಳಿದರು.

"ಹೇಳ್ತೇನೆ," ಎಂದೆ. ಹೇಳಿದೆ ಕೂಡ. ಮಳೆಗಾಲ ಮುಗಿಯುವವರೆಗೆ ನನ್ನ ಗ್ಯಾರೇಜಿಗೆ ಒಂದು ಗಾಡಿಯೂ ಬರಲಿಲ್ಲ.

ಕುಲೆಯನ್ನು ನಾನು ಇಂದಿಗೂ ನಂಬುವುದಿಲ್ಲ. ತಿಳಿದವರನ್ನೆಲ್ಲ ಕೇಳಿದ್ದೇನೆ. ಕಿಕ್ಕರಿನ ಹಲ್ಲು ಜಾರಿರಬೇಕು ಎಂದವರಿದ್ದಾರೆ. ಹಲ್ಲು ಜಾರಿದರೆ ಪಿಸ್ಟನ್ ಮೇಲೇರದು, ಮತ್ತೆ ಸೀಮೆಎಣ್ಣೆ ಚಿಮ್ಮುವುದು ಹೇಗೆ ಎಂದರೆ ಮಾತು ಬದಲಿಸುತ್ತಾರೆ. ನನ್ನನ್ನು ಸುಳ್ಳುಗಾರ ಎನ್ನಬೇಡಿ. ಸುಳ್ಳು ಹೇಳುವವನಾಗಿದ್ದರೆ ಆ ಚಿಂದಿಯ ವಿಷಯದಲ್ಲೇ ಹೇಳುತ್ತಿದ್ದೆ. ಆ ಪಿಸ್ಟನ್ ಅಲುಗುವಂಥದ್ದಲ್ಲ. ಗಿರಿಜಕ್ಕನ ಕಾಲಿಗೆ ಅದು ಮೂರು ಸಲ ಅಲುಗಿತು.