ಬೆಳ್ಳಿ ಕವಚದ ಹಿಂದೆ

ಗ್ರೀಸ್ ಪ್ರವಾಸದಲ್ಲಿ ನೋಡಿದ, ಬೈಜಾಂಟೈನ್ ಕಾಲದ ಹಳೆಯ ಚರ್ಚೊಂದರಲ್ಲಿ ಮೇರಿಯಮ್ಮನ ಚಿತ್ರಕ್ಕೆ ಬೆಳ್ಳಿ ಕವಚ ಹಾಕಿದ್ದರು. ಕಾಣುತ್ತಿದ್ದುದು ಮುಖ ಮತ್ತು ಕೈಗಳು ಮಾತ್ರ. ಛಾವಣಿಯ ಚಿನ್ನದ ಚಿತ್ರಗಳನ್ನು ಕತ್ತು ನೋಯುವಷ್ಟು ನೋಡಿದರೂ ನನಗೆ ಒಂದೇ ಕುತೂಹಲ: ಒಳಗಿನ ಉಡುಪಿನ ಬಣ್ಣ ಯಾವುದು?

ಪುಣೆ ಸೇರಿ ನಲವತ್ತು ವರ್ಷವಾದರೂ ಹುಟ್ಟೂರು ಮಧುಗಿರಿಯ ಅಭ್ಯಾಸ ಬಿಟ್ಟಿಲ್ಲ. ಅಲ್ಲಿ ಅಭಿಷೇಕಕ್ಕೆ ದೇವರ ಕವಚ ತೆಗೆಯುತ್ತಾರೆ, ಕಾದರೆ ನಿಜರೂಪ ಕಾಣುತ್ತದೆ. ಇಲ್ಲೂ ಕಾಯುತ್ತ ಕೂತೆ.

"ಬಸ್ಸು ಹೊಂಟೋಯ್ತದೆ, ಏಳೇ" ಎಂದಳು ಜೊತೆಗಿದ್ದ ಶಿರಾದ ಗೆಳತಿ ನೂರ್‌ಜಾನ್.

"ಕವಚ ತೆಗೀಲಿ, ನೋಡ್ಬುಟ್ಟು ಬತ್ತೀನಿ."

ಮೇಣದಬತ್ತಿ ಮಾರುವ ಮುದುಕಿಯನ್ನು ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆಯಲ್ಲಿ ಕೇಳಿದೆ. ಆಕೆ ಬೆಚ್ಚಿದಳು. ತೆಗೆಯುವುದೇ ಇಲ್ಲವಂತೆ. ಹುಟ್ಟಿದಾಗಿನಿಂದ ಅದೇ ಊರಲ್ಲಿದ್ದರೂ ಆಕೆಯೂ ನೋಡಿಲ್ಲವಂತೆ. ನಮ್ಮೂರಲ್ಲಿ ತೆಗೆಯುತ್ತಾರೆ ಎಂದಾಗ ನನ್ನ ಕೈ ಹಿಡಿದು ಪಕ್ಕದಲ್ಲೇ ಕೂತಳು.

"ಒಳಗೆ ನಿಮ್ಮ ದೇವರು ಹೇಗಿರುತ್ತಾರೆ?"

"ಕಪ್ಪು ಕಲ್ಲು. ಕವಚದಲ್ಲಿ ಕಂಡದ್ದಕ್ಕಿಂತ ಚಿಕ್ಕವರು. ಆದರೆ ನಮ್ಮವರು ಅನ್ನಿಸುತ್ತಾರೆ."

ಆಕೆ ಚಿತ್ರದ ಕಡೆ ತಿರುಗಿದಳು.

ನಾವು ಬಾಗಿಲು ದಾಟುವಾಗ ತಿರುಗಿ ನೋಡಿದರೆ, ಮುದುಕಿ ಮೇಣದಬತ್ತಿ ಹಿಡಿದು ಕವಚದ ಸಂದಿಯಲ್ಲಿ ಇಣುಕುತ್ತಿದ್ದಳು.

"ನೆಟ್ಟಗಿದ್ದೋಳ್ನ ಕೆಡಿಸ್ಬುಟ್ಟೆ ಕಣೇ!" ಎಂದಳು ನೂರ್‌ಜಾನ್.

ಬಸ್ಸು ಹತ್ತಿದ ಮೇಲೆ ಹೊಳೆಯಿತು, ನನ್ನ ವಿಳಾಸ ಕೊಟ್ಟು ಬರಬೇಕಿತ್ತು. ಬಣ್ಣ ಕಂಡರೆ ಒಂದು ಕಾಗದವಾದರೂ ಹಾಕುತ್ತಿದ್ದಳು.