ಗಿರಿಜಾಬಾಯಿ ಡಾಕ್ಟರನ್ನು ಆರಿಸಿದ್ದು

ಭಾಲ್ಕಿ ತಾಲೂಕಿನ ಮೆಹಕರದ ಗಿರಿಜಾಬಾಯಿ ಐವತ್ತೆಂಟು ವರ್ಷಗಳಲ್ಲಿ ತನಗಾಗಿ ಏನನ್ನೂ ಆರಿಸಿಕೊಂಡವಳಲ್ಲ. ಗಂಡನನ್ನು ಅಪ್ಪ ಆರಿಸಿದ. ಸೀರೆ ಗಂಡ ತಂದ, ಅವನು ಹೋದ ಮೇಲೆ ತಂದವನು ಮಗ ಉತ್ತಮ. ತೊಗರಿ ಹೊಲದಲ್ಲಿ ಇವಳಷ್ಟು ಬೇಗ ಕಳೆ ತೆಗೆಯುವವರು ಊರಲ್ಲಿಲ್ಲ, ಆದರೆ ಬಾಯಲ್ಲಿ ಬೇಕು ಬೇಡ ಅನ್ನುವ ಮಾತೇ ಇಲ್ಲ. ಔರಾದದಿಂದ ಸೊಸೆಯಾಗಿ ಬಂದ ಸಪನಾ, ಇದೆಂಥ ಅತ್ತೆ, ಗೋಡೆಯ ಜೊತೆ ಮಾತಾಡಿದ ಹಾಗಾಗುತ್ತದೆ ಎಂದು ತವರಿನಲ್ಲಿ ಹೇಳಿ ನಕ್ಕದ್ದೂ ಉಂಟು.

ಆ ಮೌನದೊಳಗೆ ಏನಿತ್ತೆಂದು ತಿಳಿದದ್ದು ಕಳೆದ ಬೇಸಿಗೆಯಲ್ಲಿ. ಬಚ್ಚಲಲ್ಲಿ ತಲೆ ಸುತ್ತಿ ಕುಸಿದ ಅತ್ತೆಯನ್ನು ಎತ್ತಲು ಹೋದ ಸಪನಾ ಕಣ್ಣಾರೆ ನೋಡಿದಳು. ಗರ್ಭಕೋಶ ಕೆಳಕ್ಕೆ ಇಳಿದುಬಿಟ್ಟಿತ್ತು, ಹುಣ್ಣಾಗಿತ್ತು. ಹನ್ನೊಂದು ವರ್ಷ ಬಟ್ಟೆ ಬಿಗಿದು ಕಟ್ಟಿಕೊಂಡೇ ಕಳೆ ತೆಗೆದಿದ್ದಳಂತೆ ಈ ಪುಣ್ಯಾತ್ಗಿತ್ತಿ. ಸಪನಾಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

ಬೀದರದ ಒಂದು ಆಸ್ಪತ್ರೆಗೆ ಕರೆದೊಯ್ದರು. ಹೆಂಗಸರ ಕಾಯಿಲೆಗೆ ಅಲ್ಲಿ ಇಬ್ಬರು ತಜ್ಞರು, ಒಬ್ಬರು ಹೆಂಗಸು, ಇನ್ನೊಬ್ಬರು ಗಂಡಸು. ಈ ಕಡೆಯ ಮನೆಗಳಲ್ಲಿ ಯಾರಿಗೆ ತೋರಿಸುವುದೆಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೆಂಗಸಿಗೆ ಲೇಡಿ ಡಾಕ್ಟರು, ಮುಗಿಯಿತು. ಮೊದಲು ಹುಣ್ಣಿಗೆ ಔಷಧ, ಆಮೇಲೆ ಆಪರೇಷನ್, ತಡ ಮಾಡಿದರೆ ಜೀವಕ್ಕೇ ಕಷ್ಟ ಎಂದರು ಆ ಡಾಕ್ಟರು. ಆದರೆ ಮುಂದಿನ ಎರಡು ಸಲವೂ ಗಿರಿಜಾಬಾಯಿ ಅದೇ ಬಾಗಿಲ ತನಕ ಹೋಗಿ, ಇವತ್ತು ಬೇಡ ಎಂದು ತಿರುಗಿಬಿಟ್ಟಳು. ಭಾಲ್ಕಿಯಲ್ಲಿ ಬಸ್ಸು ಬದಲಿಸಿ ಊರು ಸೇರಿದವಳೇ ಒಲೆ ಹಚ್ಚಿದಳು. ನಾಚಿಕೆ ಇರಬೇಕು ಎಂದುಕೊಂಡಳು ಸಪನಾ. ಬೀದರದ ಹತ್ತಿರದ ಕೊಳಾರದ ಕಾರ್ಖಾನೆಯಲ್ಲಿ ರಜೆ ಕೇಳಿ ಕೇಳಿ ಸೋತಿದ್ದ ಉತ್ತಮನೂ ಹಾಗೇ ತಿಳಿದ.

ನಾಲ್ಕನೆಯ ಸಲ ಸಪನಾ ಅತ್ತೆಯ ಕೈಯನ್ನು ಬಿಡಲೇ ಇಲ್ಲ. ಚೀಟಿ ಬರೆಯುವ ಗುಮಾಸ್ತ ಖಾಲಿದ ತಲೆ ಎತ್ತದೆ ಕೇಳಿದ.

"ಲೇಡಿ ಡಾಕ್ಟರಿಗೆ ಬರೀಲೇನ್ರಿ?"

"ಹೌದ್ರಿ," ಎಂದಳು ಸಪನಾ.

"ಬ್ಯಾಡ್ರಿ," ಎಂದಳು ಗಿರಿಜಾಬಾಯಿ. "ಆ ಇನ್ನೊಬ್ರು ಡಾಕ್ಟರ್ ಅದಾರಲ್ರಿ, ಗಂಡಸರು. ಅವ್ರಿಗೆ ಬರೀರಿ."

ಉತ್ತಮನ ಮುಖ ಕಪ್ಪಿಟ್ಟಿತು. "ಅವ್ವಾ, ಏನ್ ಮಾತಾಡ್ತಿ? ಮಂದಿ ಏನಂದಾರು?"

"ಮಂದಿಗಿ ಹುಣ್ಣಾಗಿಲ್ಲ, ನಂಗಾಗ್ಯಾದ. ಮೊದಲ್ನೇ ಸಲ ನಾ ಒಬ್ಬಾಕಿನೇ ಒಳಗ ಹೋದಾಗ ಆ ಮೇಡಂ ಐದಾರು ಹೆಣ್ಮಕ್ಕಳ ಮುಂದ ಬೈದ್ರು. ಇಷ್ಟ ವರ್ಷ ದನದಂಗ ಯಾಕ ಸುಮ್ನಿದ್ದಿ ಅಂದ್ರು. ನೀವು ಔಷಧ ತರ್ಲಾಕ ಹೋಗಿದ್ರಿ, ನಾ ಹೊರಗ ಕುಂತಿದ್ದೆ. ಈ ಡಾಕ್ಟರು ಬಾಜೂಕ ಒಬ್ಬ ಮುದುಕಿ ಹತ್ರ ಕುಂತು, ಆಕಿ ಮಾತು ಮುಗಿಯೋ ತನಕ ಕೇಳಿದ್ರು. ನಂಗ ಅವ್ರೇ ಬೇಕು."

ಸಪನಾ ಬೆಕ್ಕಸ ಬೆರಗಾಗಿ ನಿಂತಳು. ಕೈ ಹಿಡಿದು ಹಿಡಿದು ಅದೇ ಬಾಗಿಲಿಗೆ ಇವಳನ್ನು ದೂಡಿದವಳು ತಾನೇ ಅಲ್ಲವೆ?

ಖಾಲಿದ ಈಗ ತಲೆ ಎತ್ತಿದ. "ಇಲ್ಲಿ ಇಬ್ರೊಳಗ ಯಾರಿಗಿ ಬೇಕಾದ್ರೂ ತೋರಸ್ಬಹುದ್ರಿ ಅವ್ವಾ. ಇವ್ರೇ ಬೇಕಂತ ಯಾರೂ ಕೇಳಂಗಿಲ್ಲ ಅಷ್ಟೇ. ಸರ್ ಇವತ್ತಿಲ್ಲ, ಗುರುವಾರ ಬರ್ತಾರ."

"ಹಂಗಾದ್ರ ಗುರುವಾರ ಬರ್ತೇನಿ."

ಗುರುವಾರ ಸಪನಾ ಎದ್ದು ನೋಡಿದರೆ ಅತ್ತೆ ಮನೆಯಲ್ಲಿಲ್ಲ. ಒಬ್ಬಳೇ ಭಾಲ್ಕಿಯ ತನಕವೂ ಹೋದವಳಲ್ಲ ಆಕೆ. ಗಂಡಹೆಂಡತಿ ಮುಂದಿನ ಬಸ್ಸು ಹಿಡಿದು, ಓಡುತ್ತ ಆಸ್ಪತ್ರೆಗೆ ಬಂದು ನೋಡುತ್ತಾರೆ, ಗಿರಿಜಾಬಾಯಿ ಆಗಲೇ ಆ ತಜ್ಞರ ಕೋಣೆಯಿಂದ ಹೊರಗೆ ಬರುತ್ತಿದ್ದಾಳೆ. ಕೈಯಲ್ಲಿ ಆಪರೇಷನ್ನಿನ ತಾರೀಖು ಬರೆದ ಚೀಟಿ. ಉತ್ತಮ ಅದನ್ನು ಎರಡೆರಡು ಸಲ ಓದಿದ.

"ಅತ್ತಿ, ನಾಚಿಕಿ ಆಗ್ಲಿಲ್ಲೇನ್ರಿ?" ಎಂದಳು ಸಪನಾ.

"ಆಯ್ತು. ಭಾಳ ಆಯ್ತು. ಆದ್ರ ಅವ್ರು, ಇಷ್ಟ ದಿನ ಹ್ಯಾಂಗ ತಡಕೊಂಡ್ರಿ ಅವ್ವಾ ಅಂತ ಕೇಳಿದ್ರು. ಎಲ್ಲಾ ಹೇಳ್ದೆ."

ಏಳು ವರ್ಷ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದ ಸಪನಾ ಅತ್ತೆಯನ್ನು ಒಮ್ಮೆಯೂ ಹೀಗೆ ಕೇಳಿರಲಿಲ್ಲ.