ಸಿಂಬಳವಿಲ್ಲದ ಅಳು

ಸುಳ್ಳು ಅಳು ಕಂಡರೆ ಕಾಶಮ್ಮನಿಗೆ ಮೈಯೆಲ್ಲ ಉರಿ. ಶಿವನಿ ಸುತ್ತಿನ ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಸಾವಾದರೂ ಅವಳಿಗೆ ಹೇಳಿಕಳಿಸುತ್ತಿದ್ದರು. ಸತ್ತವರ ಬದುಕನ್ನೆಲ್ಲ ಹಾಡಿಕೊಂಡು ಅಳುವವಳು ಅವಳು. ಜಿಪುಣನನ್ನು ದಾನಶೂರ ಎಂದು ಒಮ್ಮೆಯೂ ಅತ್ತವಳಲ್ಲ. ಅದಕ್ಕೇ ಗೆಳತಿ ಸುಲೋಚನಮ್ಮ ಹಾಸಿಗೆ ಹಿಡಿದಾಗ ಕೇಳಿಕೊಂಡಿದ್ದಳು: "ನನ್ ಸಾವಿಗೆ ನೀನೇ ಅಳ್ಬೇಕು ಕಣೇ. ಒಳ್ಳೇದು ಕೆಟ್ಟದ್ದು ಎಲ್ಲಾ ಹೇಳ್ಬುಡು."

"ಆಗ್ಲಿ ಬಿಡೇ" ಎಂದು ಕಾಶಮ್ಮ ಮಾತು ಕೊಟ್ಟಿದ್ದಳು.

ಆ ಮಾತು ಉಳಿಸಿಕೊಳ್ಳಲು ಓಡಿಬಂದರೆ, ಅಂಗಳದಲ್ಲಿ ಸ್ಪೀಕರ್ ಅಳುತ್ತಿತ್ತು! ಸುಲೋಚನಮ್ಮನ ಮಗ ಗುರುಮೂರ್ತಿ ಅವ್ವನ ಹೆಸರು, ಊರು ಕೊಟ್ಟು ಮೊಬೈಲಿನ ಎಐ ಕೈಲಿ ಹಾಡು ಮಾಡಿಸಿದ್ದ. ಯಾವುದೋ ಹೆಣ್ಣುದನಿ "ತ್ಯಾಗಮಯಿ ತಾಯೇ, ಕರುಣೆಯ ಕಡಲೇ" ಎಂದು ಗೋಳಿಡುತ್ತಿತ್ತು. ಬೀರೂರು ಸಂತೆ ಬಿಟ್ಟರೆ ಬೇರೇನೂ ಕಾಣದ ಸುಲೋಚನಿ ಕಡಲಂತೆ! ಆ ದನಿ ಉಸಿರಿಗೂ ನಿಲ್ಲದು, ಅದರ ಗಂಟಲೂ ಕಟ್ಟದು. ಸಿಂಬಳ ಸುರಿಯದ್ದೂ ಒಂದು ಅಳುವೇ? ಆದರೂ ನೆಂಟರೆಲ್ಲ ಸೆರಗು ಬಾಯಿಗಿಟ್ಟು ಬಿಕ್ಕುತ್ತಿದ್ದರು. ಕಾಶಮ್ಮನಿಗೆ ಅಸಹ್ಯವಾಯಿತು. ತನ್ನ ಕೆನ್ನೆಯೂ ಒದ್ದೆಯಾದದ್ದು ತಿಳಿದಾಗಲಂತೂ ತನ್ನ ಮೇಲೇ ಹೇಸಿಗೆ ಹುಟ್ಟಿತು. ಈ ಕಣ್ಣಿಗೆ ಮಾನವಿಲ್ಲವೇ? ಯಾರ ನೋವೂ ಅಲ್ಲದ ದನಿಗೆ ಜನ ಅಳುವುದಾದರೆ, ಇಷ್ಟು ವರ್ಷ ತಾನು ಮನೆಮನೆಗೆ ಹೋಗಿ ಕರುಳು ಕಿತ್ತುಕೊಂಡದ್ದು ಯಾತಕ್ಕೆ?

"ಗುರು, ಆ ದರಿದ್ರದ್ದನ್ನ ಆರ್ಸೋ."

"ಚೆನ್ನಾಗೈತಲ್ಲ ದೊಡ್ಡಮ್ಮ. ಎಲ್ರೂ ಅಳ್ತಾವ್ರೆ."

"ನಿಮ್ಮವ್ವ ಸತ್ತಿದ್ದು ಅದಕ್ಕೆ ಗೊತ್ತೇನ್ಲಾ?"

ಅವನು ಮುಖ ಸಿಂಡರಿಸಿಕೊಂಡು ಆರಿಸಿದ.

ವಿಭೂತಿ ಹಚ್ಚಿ ಗೋಡೆಗೊರಗಿಸಿ ಕೂರಿಸಿದ್ದ ಗೆಳತಿಯ ಪಕ್ಕ ಕಾಶಮ್ಮ ಕುಸಿದು ಕೂತಳು. "ಸೊಸೆಗೆ ಕಾಣ್ದಂಗೆ ತುಪ್ಪ ಬಚ್ಚಿಟ್ಟೋಳೇ, ನನ್ ಮಗಳ ಬಾಣಂತನಕ್ಕೆ ಅದೇ ತುಪ್ಪ ಮಡಿಲಲ್ಲಿ ತಂದೋಳೇ..." ಸೊಸೆ ಕಿಸಕ್ಕನೆ ನಕ್ಕವಳು ಹಾಗೇ ಗೊಳೋ ಎಂದಳು. ಕಾಶಮ್ಮನ ದನಿ ಒಡೆಯಿತು, ಮೂಗು ಸುರಿಯಿತು.

ಒರೆಸಿಕೊಂಡು ನೋಡಿದರೆ ಮುಖದ ಮುಂದೆ ಗುರುಮೂರ್ತಿಯ ಮೊಬೈಲು. "ನಿಲ್ಲಿಸ್ಬೇಡ ದೊಡ್ಡಮ್ಮ, ರೆಕಾರ್ಡ್ ಆಗ್ತೈತೆ. ನಿನ್ ದನಿ ಕೊಟ್ರೆ ಅದು ಇನ್ನೂ ಚೆನ್ನಾಗಿ ಅಳ್ತದೆ."

ಕಾಶಮ್ಮನಿಗೆ ಎದ್ದು ಹೋಗಿಬಿಡೋಣ ಎನಿಸಿತು. ಆದರೆ ಕೊಟ್ಟ ಮಾತು ಅರ್ಧಕ್ಕೇ ನಿಂತಿತ್ತು. ಸೆರಗನ್ನು ಇಬ್ಬರ ತಲೆಯ ಮೇಲೂ ಎಳೆದುಕೊಂಡು, ಉಳಿದದ್ದನ್ನೆಲ್ಲ ಸುಲೋಚನಮ್ಮನ ತಣ್ಣನೆಯ ಕಿವಿಯಲ್ಲಿ ಪಿಸುಗುಟ್ಟಿದಳು.